ಕಾಕಾರ ಎಣಿಕೆ, ತೆರೆಯದ ಡಬ್ಬಿ

೧೧ ನವೆಂಬರ್ ೨೦೨೪, ಸೋಮವಾರ, ಬೆಳಿಗ್ಗೆ ೯:೪೦. ಕಾಕಾರ ಬಲಗೈ ಹೆಬ್ಬೆರಳು ಉಳಿದ ಬೆರಳುಗಳ ಗೆಣ್ಣುಗಳ ಮೇಲೆ ಓಡುತ್ತಿತ್ತು. ಹಿಂದೆಂದೋ ಫೋಟೊ ಕತ್ತರಿಸುವ ಕಟರ್ ಬಿದ್ದು ಆ ಹೆಬ್ಬೆರಳಿನ ಉಗುರು ಎರಡು ಹೋಳಾಗಿಯೇ ಬೆಳೆಯುತ್ತಿತ್ತು. ಮಾತಾಡುವಾಗಲೂ ಅವರು ಏನನ್ನೋ ಎಣಿಸುತ್ತಲೇ ಇರುವರು.

ತಾವರಗೇರಾದಲ್ಲಿ ಅವರ ಫೋಟೊ ಸ್ಟುಡಿಯೋ, ಪಕ್ಕದಲ್ಲಿ ನನ್ನ ಟೈಪಿಂಗ್, ಝೆರಾಕ್ಸ್ ಅಂಗಡಿ. ವೈರಸ್ ಕಾಟಕ್ಕೆ ಬೇಸತ್ತಿದ್ದ ಅವರ ಕಂಪ್ಯೂಟರಿಗೆ ಲಿನಕ್ಸ್ ಹಾಕಿಕೊಟ್ಟವಳು ನಾನೇ. ಶನಿವಾರ ಅದಕ್ಕೆ ಹೊಸ ಆವೃತ್ತಿ ಹಾಕಿದ್ದೆ. ಸೋಮವಾರ ಹೊರಗಿನ ಹಾರ್ಡ್‌ಡಿಸ್ಕ್ ಹಚ್ಚಿದರೆ ತೆರೆಯಲಿಲ್ಲ. ಕಾಕಾ ಅದಕ್ಕೆ ಡಬ್ಬಿ ಅನ್ನುತ್ತಿದ್ದರು. ಹಳೆಯ ನೆಗೆಟಿವ್‌ಗಳನ್ನು ಗೆದ್ದಲು ತಿನ್ನುವ ಮೊದಲು ಸ್ಕ್ಯಾನ್ ಮಾಡಿ ಇಟ್ಟದ್ದೆಲ್ಲ ಅದರಲ್ಲೇ. ಮನೆಗೊಂದರಂತೆ ೪೧೨ ಫೋಲ್ಡರ್, ಒಂದೇ ಪ್ರತಿ.

"ಯವ್ವಾ, ಶನಿವಾರ ನೀ ಏನ್ ಮಾಡಿದಿ?"

"ಹೊಸಾದು ಹಾಕೀನಿ ಕಾಕಾ. ನೀವ ಹಾಕು ಅಂದಿದ್ರಿ."

"ಹಾಕು ಅಂದಿದ್ದೆ. ಡಬ್ಬಿ ಸಾಯಿಸು ಅಂದಿರಲಿಲ್ಲ."

ಬಾಗಿಲಲ್ಲಿ ಅಳವಂಡಿಯ ಒಬ್ಬ ಹೆಣ್ಣುಮಗಳು ನಿಂತಿದ್ದರು. ೧೯೯೭ರಲ್ಲಿ ಆಕೆಯ ಲಗ್ನದ ಫೋಟೊ ತೆಗೆದವರು ಕಾಕಾ. ಈಗ ಗಂಡ ತೀರಿಕೊಂಡಿದ್ದ. ಲಗ್ನವೇ ಆಗಿಲ್ಲ, ಹೊಲದಲ್ಲಿ ಆಕೆಗೆ ಪಾಲಿಲ್ಲ ಎಂದು ಮೈದುನ ತಕರಾರು ತೆಗೆದಿದ್ದ. ಹಿಂದಿನ ವಾರ ಆಕೆಯ ಅರ್ಜಿ ಟೈಪ್ ಮಾಡಿದವಳು ನಾನೇ, ಆ ಮೈದುನನ ಗುರುತೂ ನನಗಿತ್ತು. ಮನೆಯಲ್ಲಿದ್ದ ಆಲ್ಬಮ್ ಕಾಣೆಯಾಗಿತ್ತು. ಬುಧವಾರ ಕೊಪ್ಪಳದ ತಹಶೀಲ್ದಾರ್ ಕಚೇರಿಯಲ್ಲಿ ಫೋಟೊ ತೋರಿಸಬೇಕು.

ಕಾಕಾ ನನ್ನನ್ನು ಅನುಮಾನಿಸಿದರು. ನಾನೂ ಅವರನ್ನು ಅನುಮಾನಿಸಿದೆ. ನನ್ನ ದಿನಚರಿಯಲ್ಲಿ ಹಿಂದಿನ ದಿನದ ಸಾಲು ಹೀಗಿತ್ತು: "ರವಿವಾರ, ಸಂಜೆ ೫:೧೫. ಬಸ್‌ಸ್ಟ್ಯಾಂಡಿನ ಚಹಾದಂಗಡಿ. ಕಾಕಾ, ಅಳವಂಡಿಯವಳ ಮೈದುನ. ಚಹಾ ಎರಡು ಸಲ." ಯಾರಿಗೂ ಎರಡನೇ ಸಲ ಚಹಾ ಹೇಳಿದ ಮನುಷ್ಯ ಅಲ್ಲ ಅವರು.

ಕೇಬಲ್ ಬದಲಿಸಿದೆ. ಮೂರು ಪೋರ್ಟಿಗೆ ಹಚ್ಚಿ ನೋಡಿದೆ. ಕಂಪ್ಯೂಟರಿಗೆ ಡಬ್ಬಿ ಕಾಣುತ್ತಿತ್ತು, ಅದರ ಅಳತೆಯೂ ಸರಿಯಾಗಿತ್ತು. ತೆರೆಯಲು ಮಾತ್ರ ಒಪ್ಪುತ್ತಿರಲಿಲ್ಲ. ಅಂದಮೇಲೆ ಅದು ಸತ್ತಿಲ್ಲ. ೧೧:೧೦ಕ್ಕೆ ಸಿಸ್ಟಮ್ ತನ್ನಷ್ಟಕ್ಕೆ ಬರೆದಿಟ್ಟುಕೊಳ್ಳುವ ಲಾಗ್ ತೆರೆದೆ. ಕಾರಣ ಅಲ್ಲಿತ್ತು: ಕಡೆಯ ಸಲ ಡಬ್ಬಿಯನ್ನು 'ಇಜೆಕ್ಟ್' ಒತ್ತಿ ಸರಿಯಾಗಿ ಬಿಡಿಸದೆ ಕಿತ್ತಿದ್ದಾರೆ. ಹಳೆಯ ಆವೃತ್ತಿ ಇದನ್ನು ಕಂಡೂ ಕಾಣದಂತೆ ಇರುತ್ತಿತ್ತು. ಹೊಸದು ಬಿಡುವುದಿಲ್ಲ.

ಸ್ಟುಡಿಯೋದಲ್ಲಿ ಡಬ್ಬಿ ಹಚ್ಚುವವಳು ನಾನೊಬ್ಬಳೇ. ಆ ವರ್ಷ ಹಚ್ಚಿದ್ದು ೬೮ ಸಲ, ಬಿಡಿಸಿ ತೆಗೆದದ್ದು ೬೮ ಸಲ. ದಿನಚರಿಯಲ್ಲಿ ಒಂದೊಂದಕ್ಕೂ ಗೆರೆ ಇದೆ.

"ಕಾಕಾ, ಇದನ್ನ ಯಾರೋ ಬ್ಯಾರೆ ಕಡೆ ಹಚ್ಚ್ಯಾರ."

ಹೆಬ್ಬೆರಳು ನಿಂತಿತು. "ಹಚ್ಚೀನಿ. ನಾನ."

"ಯಾವಾಗ?"

"ದಿನಾ ಸಂಜಿಗೆ. ಮನಿಯೊಳಗ ಮಗಳ ಲ್ಯಾಪ್‌ಟಾಪಿಗೆ. ಎಣಿಸಾಕ."

ಅವರ ಅಪ್ಪ ಕುರಿ ಕಾದವರು. ಸಂಜೆ ದೊಡ್ಡಿಗೆ ಬಿಡುವಾಗ ಒಂದೊಂದು ಕುರಿಯ ಬೆನ್ನು ಮುಟ್ಟಿ ಎಣಿಸುತ್ತಿದ್ದರಂತೆ. "ಎಣಿಸಲಾರದ ಕುರಿ ತೋಳಂದು" ಎಂದು ಕಾಕಾ ಎಷ್ಟು ಸಲ ಅಂದಿದ್ದರೋ, ಇದೊಂದರ ಲೆಕ್ಕ ನಾನಿಟ್ಟಿಲ್ಲ. ಅಂಗಡಿಯಲ್ಲಿ ಬಿಟ್ಟರೆ ಕಳ್ಳರ ಭಯ ಎಂದು ಡಬ್ಬಿಯನ್ನು ಊಟದ ಚೀಲದಲ್ಲಿಟ್ಟು ಮನೆಗೆ ಒಯ್ಯುವರು, ೪೧೨ ಆಗುವ ತನಕ ಎಣಿಸುವರು, ಆಮೇಲೆ ವೈರ್ ಎಳೆದು ತೆಗೆಯುವರು.

"ಬಿಡಿಸಿ ತಗೀಬೇಕಂತ ಹೇಳಿದ್ನಲ್ಲ?"

"ಎಣಿಸಿದ್ಮ್ಯಾಲ ದೊಡ್ಡಿ ಬಾಗಿಲಾ ಹಾಕೂದಷ್ಟ ಗೊತ್ತು ನಂಗ."

ಅಳವಂಡಿಯ ಹೆಣ್ಣುಮಗಳು ನಗಲಿಲ್ಲ. "ಪಟಾ ಐತೋ ಇಲ್ಲೋ, ಅಷ್ಟ ಹೇಳ್ರಿ" ಅಂದರು.

ಬರೆಯಲು ಬಿಡದೆ, ಬರೀ ಓದಲಷ್ಟೇ ತೆರೆಯುವಂತೆ ಆಜ್ಞೆ ಕೊಟ್ಟೆ. ತೆರೆಯಿತು. ಮೊದಲು ಎಲ್ಲವನ್ನೂ ಕಂಪ್ಯೂಟರಿಗೆ ನಕಲು ಮಾಡಿಕೊಂಡೆ. ಡಬ್ಬಿಯ ದೋಷವನ್ನು ಆಮೇಲೆ ವಿಂಡೋಸ್ ಇದ್ದ ಅವರ ಮಗಳ ಲ್ಯಾಪ್‌ಟಾಪಿನಲ್ಲೇ ಸರಿಪಡಿಸಿದೆ. ನಕಲು ನಡೆದಿದ್ದಾಗ ಕಾಕಾ ಕುರ್ಚಿ ಎಳೆದುಕೊಂಡು ಕೂತು ಎಣಿಸಿದರು. ೪೧೨. ಲಗ್ನದ ಫೋಟೊದಲ್ಲಿ ಬಾಸಿಂಗ ಕಟ್ಟಿದ್ದ ವಧೂವರರ ಹಿಂದೆ, ಅಕ್ಕಿಕಾಳು ಹಿಡಿದು ಸ್ವತಃ ಮೈದುನನೇ ನಿಂತಿದ್ದ. ಆಕೆ ಪರದೆಯ ಮೇಲೆ ಬೆರಳಿಟ್ಟು ಅಂದರು, "ನೋಡ್ರಿ, ನಗಾಕತ್ಯಾನ." ಬುಧವಾರ ಕಚೇರಿಯಲ್ಲಿ ಆ ಫೋಟೊವನ್ನು ಒಪ್ಪಿಕೊಂಡರು.

ಕಾಕಾ ನನ್ನಲ್ಲಿ ತಪ್ಪಾಯಿತು ಅನ್ನಲಿಲ್ಲ. ಗುರುವಾರ ಇನ್ನೊಂದು ಹೊಸ ಡಬ್ಬಿ ತಂದು ನನ್ನ ಮೇಜಿನ ಮೇಲಿಟ್ಟರು. "ಒಂದು ಪ್ರತಿ ನಿನ್ನ ಕಡೆ ಇರ್ಲಿ. ಎಣಿಸ್ತಿರು." ಯಾರನ್ನೂ ನಂಬದ ಮನುಷ್ಯ ನಾಲ್ಕು ನೂರ ಹನ್ನೆರಡು ಮನೆಯವರ ಮುಖಗಳನ್ನು ನನಗೆ ಒಪ್ಪಿಸಿದರು. ಮರುವರ್ಷ ಜುಲೈನಲ್ಲಿ ತೀರಿಕೊಂಡರು.

ಆ ರವಿವಾರದ ಚಹಾದ ಬಗ್ಗೆ ನಾನು ಕೇಳಲೇ ಇಲ್ಲ. ಫೋಟೊ ಅಳಿಸುವ ಮನಸ್ಸಿದ್ದರೆ ಅವರಿಗೆ ಅದೇ ಸಂಜೆ ಸಾಧ್ಯವಿತ್ತು, ಅಳಿಸಲಿಲ್ಲ. ಇಷ್ಟು ಗೊತ್ತಿದ್ದೂ ದಿನಚರಿಯ ಆ ಸಾಲನ್ನು ಹೊಡೆದುಹಾಕಲು ನನ್ನಿಂದಾಗಿಲ್ಲ. ಅವತ್ತು ಸಂಜೆ ಆ ಚಹಾದಂಗಡಿಯಲ್ಲಿ ಕೂತಿದ್ದವರು ಇದನ್ನು ಓದುತ್ತಿದ್ದರೆ ದಯವಿಟ್ಟು ನನಗೆ ಬರೆಯಿರಿ: ಮೈದುನ ಏನು ಕೇಳಿದ, ಕಾಕಾ ಏನು ಅಂದರು. ಮಾತು ನೆನಪಿಲ್ಲದಿದ್ದರೆ, ಎದ್ದು ಹೋಗುವಾಗ ಸಿಟ್ಟಿನಲ್ಲಿದ್ದವರು ಯಾರು ಅನ್ನುವಷ್ಟು ತಿಳಿಸಿದರೂ ಸಾಕು.