ಅಶ್ವತ್ಥದ ಕಡ್ಡಿಯಲ್ಲಿ ಬಂದ ಅಗ್ನಿ

ಅಗ್ನಿದೇವನು ಒಮ್ಮೆ ದೇವತೆಗಳ ಕಣ್ಣು ತಪ್ಪಿಸಿ ನೀರಿನಲ್ಲಿ ಅಡಗಿದನು, ಕಪ್ಪೆ ತೋರಿಸಿಕೊಟ್ಟಿತು. ಅಶ್ವತ್ಥದಲ್ಲಿ ಅಡಗಿದನು, ಆನೆ ತೋರಿಸಿಕೊಟ್ಟಿತು. ಈ ಪುಣ್ಯಕಥೆಯನ್ನು ಹೇಳುವಾಗಲೆಲ್ಲ ನನಗೆ ಶಂಕರಿಯಮ್ಮನವರ ನೆನಪಾಗುತ್ತದೆ.

ಕುಂಬಳೆಯ ಈ ಸಾಧ್ವಿ, ಮದುವೆಯ ದಿನ ಹೊತ್ತಿಸಿದ ಔಪಾಸನಾಗ್ನಿಯನ್ನು, ಅಂದರೆ ನಿತ್ಯಹೋಮದ ಬೆಂಕಿಯನ್ನು, ಆರದಂತೆ ಪತಿ ಯಜ್ಞನಾರಾಯಣರೊಡನೆ ಕೊಚ್ಚಿಯ ಬಾಡಿಗೆ ಮನೆಯಲ್ಲಿ ಹತ್ತೊಂಬತ್ತು ವರ್ಷ ಕಾಪಾಡಿದ್ದರು. ದಂಪತಿಗಳಿಬ್ಬರೂ ಊರ ಗಡಿ ದಾಟಿದರೆ ಆ ಅಗ್ನಿ ನಷ್ಟವಾದಂತೆ. ಬೇರೆಯವರ ಕೈಗೆ ಒಪ್ಪಿಸುವಂತೆಯೂ ಇರಲಿಲ್ಲ. ೧೯೫೭ರಲ್ಲಿ ಯಜ್ಞನಾರಾಯಣರ ಗುಮಾಸ್ತಿಕೆ ತಿರುವನಂತಪುರಕ್ಕೆ ವರ್ಗವಾಯಿತು. ಹಗಲಿರುಳು ಕೆಂಡ ಕಾಯುವವರಿಗೆ ಅಲ್ಲಿ ಯಾರೂ ಮನೆ ಕೊಡಲಿಲ್ಲ. ಅವರು ಒಬ್ಬರೇ ಹೋದರು; ಶಂಕರಿಯಮ್ಮ ಕೊಚ್ಚಿಯಲ್ಲೇ ಕುಂಡದ ಬಳಿ ಉಳಿದರು. ಕಿಟಕಿಯಿಂದ ಕಾಣುವ, ಎದುರಿನ ವಲ್ಲಾರ್ಪಾಡಂ ದ್ವೀಪಕ್ಕೆ ಹೋಗುವ ದೋಣಿಗಳಲ್ಲಿ ಒಂದನ್ನೂ ಹತ್ತಲಿಲ್ಲ. ಮರುವರ್ಷ ಕುಂಬಳೆಯಿಂದ ತಮ್ಮ ಮಹಾಲಿಂಗನ ಕಾರ್ಡು ಬಂತು: "ಅಮ್ಮ ಹಾಸಿಗೆ ಹಿಡಿದಿದ್ದಾರೆ. ನಿನ್ನನ್ನೇ ಕೇಳುತ್ತಾರೆ, ಅಕ್ಕ." ಕುಂಡದ ಅಗ್ನಿಗೆ ಕಾಣಬಾರದೆಂಬಂತೆ ಅವರು ಆ ಕಾರ್ಡನ್ನು ಸೆರಗಿನಲ್ಲಿ ಮುಚ್ಚಿಕೊಂಡರಂತೆ.

ಕೊನೆಗೆ ತಿರುವನಂತಪುರದ ಉಳ್ಳೂರಿನಲ್ಲಿ, ಕಾಸರಗೋಡಿನಿಂದ ಬಂದು ನೆಲೆಸಿದ್ದ ಚಂದ್ರಾವತಿಯಮ್ಮ ತಮ್ಮ ಮನೆಯ ಅರ್ಧಭಾಗ ಕೊಡಲು ಒಪ್ಪಿದರು. ಯಜ್ಞನಾರಾಯಣರು ಕೊಚ್ಚಿಗೆ ಬಂದು, ಅಶ್ವತ್ಥದ ಸಮಿತ್ತನ್ನು, ಆ ಹೋಮದ ಕಡ್ಡಿಯನ್ನು, ಕುಂಡದಲ್ಲಿ ಕಾಯಿಸಿ, ಮಂತ್ರಪೂರ್ವಕ ಅಗ್ನಿಯನ್ನು ಅದರಲ್ಲಿ ಇರಿಸಿಕೊಂಡರು. ಹೊಸ ಮನೆಯ ಬೆಂಕಿಗೆ ಅದನ್ನು ಮಂತ್ರ ಹೇಳಿ ಸೇರಿಸಿದರೆ ಅದೇ ಅಗ್ನಿ ಏಳುತ್ತಾನೆ. ಪತಿ ಕೆಂಡ ಕಾದರೆ ಶಂಕರಿಯಮ್ಮ ಮರುದಿನವೇ ತಾಯಿಯ ಬಳಿಗೆ ಹೊರಡಬಹುದು.

ಉಳ್ಳೂರು ತಲುಪಿ, ಸ್ನಾನ ಮುಗಿಸಿ ಬಂದು ನೋಡಿದರೆ ಕಿಟಕಿಯ ಮೇಲಿಟ್ಟ ಸಮಿತ್ತು ಇಲ್ಲ!

"ಇಲ್ಲಿದ್ದ ಕಡ್ಡಿ ಎಲ್ಲಿ ಅಕ್ಕಾ?" ಎಂದು ಶಂಕರಿಯಮ್ಮ ಕೇಳಿದರು.

"ಅದಾ? ಸೌದೆ ಎಲ್ಲ ಹಸಿ ಮಾರಾಯ್ತಿ. ಒಣಕಡ್ಡಿ ಕಂಡಿತು, ಒಲೆಗೆ ತುರುಕಿದೆ. ನಿಮಗೇ ಕಾಪಿ ಮಾಡ್ಲಿಕ್ಕೆ!" ಎಂದರು ಚಂದ್ರಾವತಿಯಮ್ಮ.

ಯಜ್ಞನಾರಾಯಣರು ಬರಿದಾದ ಕಿಟಕಿಯನ್ನು ಮತ್ತೊಮ್ಮೆ ತಡವಿದರು. "ಹೋಯ್ತು. ಇನ್ನು ಹೊಸದಾಗಿ ಅಗ್ನಿ ಹೊತ್ತಿಸಿ ಆಧಾನ ಆಗ್ಬೇಕು. ಪುರೋಹಿತರು ಊರಿಂದ ಬರ್ಬೇಕು, ನಾವಿಬ್ಬರೂ ಕೂರ್ಬೇಕು. ಅಲ್ಲಿವರೆಗೆ ನೀನು ಹೊರಡುವ ಹಾಗಿಲ್ಲ."

"ಅಲ್ಲಿವರೆಗೆ ಅಮ್ಮ ಇರ್ತಾರಾ?" ಶಂಕರಿಯಮ್ಮ ಒಲೆಯತ್ತ ಬಾಗಿದರು. ಸಮಿತ್ತಿನ ತುದಿ ಇನ್ನೂ ಉರಿಯುತ್ತಿತ್ತು. "ಮರದೊಳಗೆ ಅಡಗಿದವನನ್ನೇ ದೇವತೆಗಳು ಹುಡುಕಿ ತಂದ್ರು. ಇವ ಕಣ್ಣೆದುರೇ ಇದ್ದಾನಲ್ಲ! ಹೇಳದೆ ಉಳಿದ ಮಂತ್ರ ಈಗ ಹೇಳಿ."

"ಹಾಗಾದ್ರೆ ನನ್ನ ಕಾಪಿ ಪಾತ್ರೆ ಇಳಿಸ್ಬೇಕಾ?"

"ಇಳಿಸಿ ಅಕ್ಕಾ, ಬೇಗ!"

ಯಜ್ಞನಾರಾಯಣರು ಆ ಅಡುಗೆಮನೆಯ ನೆಲದ ಮೇಲೆ ಕುಳಿತು ಕೈಮುಗಿದು ಮಂತ್ರ ಹೇಳಿದರು. ಕೆಂಡ ಹೊಸ ಕುಂಡಕ್ಕೆ ಬಂತು. ಮರುದಿನ ಶಂಕರಿಯಮ್ಮ ರೈಲು ಹತ್ತಿದರು; ಪತಿ ಕಚೇರಿಗೆ ರಜೆ ಹಾಕಿದರು.

ಪುರಾಣ ಹೇಳಲೆಂದು ತಿರುವನಂತಪುರಕ್ಕೆ ಬಂದಿದ್ದ ನಾನು ಹತ್ತನೆಯ ದಿನ ಅಲ್ಲಿಗೆ ಹೋದಾಗ ಯಜ್ಞನಾರಾಯಣರು ಕಿಟಕಿಯ ಸರಳು ಹಿಡಿದು ರಸ್ತೆ ನೋಡುತ್ತಿದ್ದರು. ಕೈಯಲ್ಲಿ ಪತ್ನಿಯ ಕಾರ್ಡು: "ಅಮ್ಮ ನನ್ನ ಗುರುತು ಹಿಡಿದರು. ಕೆಂಡ ಬಿಟ್ಟು ಎಲ್ಲಿಗೂ ಹೋಗಬೇಡಿ."

"ಒಂದು ವರ್ಷ ಅವಳು ಹೀಗೇ ನಿಂತಿದ್ದಳಾ, ಸ್ವಾಮೀ?" ಎಂದು ಕೇಳಿ, ಉತ್ತರಕ್ಕೆ ಕಾಯದೆ ಅವರು ಕುಂಡದತ್ತ ತಿರುಗಿದರು.