ತಂತಿಯಮ್ಮನ ಕಿವಿಗೆ ಬಾರದ ದನಿ

ಆ ದೊಡ್ಡ ಆಸ್ಪತ್ರೆಯ ನೆಲಮಾಳಿಗೆಯಲ್ಲಿ ಕೇಬಲ್ಲುಗಳನ್ನು ನೋಡಿಕೊಳ್ಳುತ್ತಿದ್ದ ಹೆಂಗಸನ್ನು ಎಲ್ಲರೂ ತಂತಿಯಮ್ಮನೆಂದೇ ಕರೆಯುತ್ತಿದ್ದರು. ಫೋನು, ಕಂಪ್ಯೂಟರುಗಳನ್ನು ಒಂದಕ್ಕೊಂದು ಜೋಡಿಸುವ ಸ್ವಿಚ್ಚೆಂಬ ಪೆಟ್ಟಿಗೆಗಳ ಬೆನ್ನಿನಿಂದಿಳಿಯುವ ನೀಲಿ ಎಳೆಗಳನ್ನು ಆಕೆ ಸಿಕ್ಕು ಬಿಡಿಸಿ, ಜಡೆ ಹೆಣೆದಂತೆ ಕಟ್ಟುತ್ತಿದ್ದಳು. ಒಂದೆಳೆ ಅಡ್ಡಬಂದರೂ ಆಕೆಗೆ ಅನ್ನ ಇಳಿಯದು. ಗಂಡ ತೀರಿದ ಮೇಲೆ ಉಳಿದುದು ಈ ಕೆಲಸ ಮತ್ತು ಒಬ್ಬಳೇ ಮಗಳು.

ಆ ಮಗಳು ಈಗ ಎದುರು ಕಟ್ಟಡದಲ್ಲಿ, ಸೋಂಕಿನವರನ್ನು ಬೇರೆಯಾಗಿಡುವ ಕೋಣೆಯಲ್ಲಿ ಮಲಗಿದ್ದಳು. ಹೆತ್ತವಳಿಗೂ ಅಲ್ಲಿಗೆ ಪ್ರವೇಶವಿರಲಿಲ್ಲ. ಮಗಳ ಹಾಸಿಗೆಯ ಪಕ್ಕದಲ್ಲೊಂದು ಫೋನು, ತಾಯಿಯ ಮೇಜಿನ ಮೇಲೊಂದು ಫೋನು; ಇಬ್ಬರ ನಡುವೆ ಇದ್ದುದು ಇಷ್ಟೇ.

ಫೋನು ರಿಂಗಾಗುತ್ತಿತ್ತು, ಮಗಳು ಎತ್ತಿಕೊಳ್ಳುತ್ತಿದ್ದಳು, ಅನಂತರ ಏನೂ ಇಲ್ಲ. ಕೆಮ್ಮಿಲ್ಲ, ಗೊರಗೊರ ಸದ್ದಿಲ್ಲ, ಉಸಿರಿಲ್ಲ. "ಮಾತಾಡೇ ಮಗಳೇ, ನನ್ ಮೇಲೆ ಕೋಪಾನಾ?" ಎಂದು ತಾಯಿ ಅಂಗಲಾಚುತ್ತಿದ್ದಳು. ತನ್ನ ಲ್ಯಾಪ್‌ಟಾಪಿನಿಂದ ಆ ಫೋನಿನವರೆಗಿನ ಹಾದಿಯನ್ನು ಪರೀಕ್ಷಿಸಿಯೂ ಇದ್ದಳು. ಕಳಿಸಿದ ಪರೀಕ್ಷೆಯ ಸಂಕೇತಗಳೆಲ್ಲವೂ ಹೋಗಿ ಮರಳಿ ಬಂದಿದ್ದವು. ಹಾದಿ ನೆಟ್ಟಗಿದ್ದ ಮೇಲೆ ಮುನಿಸೇ ಇರಬೇಕೆಂದು ನಂಬಿದಳು.

ಒಂದು ಮಧ್ಯಾಹ್ನ ಆ ವಾರ್ಡಿನ ಹಿರಿಯ ನರ್ಸು, ಎಲ್ಲರ ಪಾಲಿನ ದೊಡ್ಡಕ್ಕ, ತನ್ನ ಮೇಜಿನ ಫೋನಿನಿಂದ ಕರೆಮಾಡಿದಳು.

"ಏನೇ, ಕಿವೀಲಿ ಹತ್ತಿ ಇಟ್ಕೊಂಡಿದ್ದೀಯಾ? ಹುಡುಗಿ ಗಂಟಲು ಹರಿಯೋ ಹಾಗೆ ಕೂಗ್ತಾಳೆ, ನೀನು ಮಾತಾಡು ಮಾತಾಡು ಅಂತೀಯಂತೆ!"

"ಅವಳು ಬಾಯೇ ಬಿಡಲ್ವಲ್ಲ ದೊಡ್ಡಕ್ಕ!"

"ಈಗ ಊಟ ಬಿಟ್ಟಿದ್ದಾಳೆ, ಮಾತ್ರೆ ಬಿಟ್ಟಿದ್ದಾಳೆ. 'ಅಮ್ಮಂಗೆ ನನ್ ದನಿ ಕೇಳಿಸ್ತಿಲ್ಲ ಸಿಸ್ಟರ್, ನಾನು ಸತ್ತೋಗಿದ್ದೀನಾ?' ಅಂತ ಕೇಳ್ತಾಳೆ. ಜ್ವರದ ತಲೆ, ನಿಜ. ಆದ್ರೂ ನನಗೇ ಮೈ ಜುಂ ಅಂತು ಕಣೆ."

ತಂತಿಯಮ್ಮ ಲ್ಯಾಪ್‌ಟಾಪನ್ನು ಹತ್ತಿರಕ್ಕೆಳೆದುಕೊಂಡಳು. "ನೀವೇ ಅವಳ ಫೋನಿಂದ ನನಗೆ ಮಾಡಿ."

ಫೋನು ರಿಂಗಾಯಿತು. ಎತ್ತಿದಳು. ಬಾಯಿಬಡುಕಿ ದೊಡ್ಡಕ್ಕನ ದನಿಯೂ ಆ ತುದಿಯಿಂದ ಬರಲಿಲ್ಲ.

ಎರಡು ಕಟ್ಟಡಗಳ ನಡುವೆ ಗಾಜಿನೆಳೆಯ ಹಾದಿಗಳು ನಾಲ್ಕು. ಭಾರ ಹಂಚಿಹೋಗಲೆಂದು ಸ್ವಿಚ್ಚು ಕಳಿಸುವವರ ಮತ್ತು ಪಡೆಯುವವರ ವಿಳಾಸಗಳೆರಡನ್ನೂ ಲೆಕ್ಕಕ್ಕೆ ತಂದು ಆ ಜೋಡಿಗೊಂದು ಹಾದಿಯನ್ನು ಗೊತ್ತುಮಾಡುತ್ತದೆ. ಮಾತು ಹಿಂದುಮುಂದಾಗದಿರಲೆಂದು ಆ ಜೋಡಿ ಎಂದೆಂದೂ ಅದೇ ಹಾದಿಯನ್ನು ಹಿಡಿಯಬೇಕು. ರಿಂಗು ಬೇರೊಂದು ಯಂತ್ರದಿಂದ ಬರುವುದಾದ್ದರಿಂದ ಅದಕ್ಕೆ ಬೇರೆ ಹಾದಿ. ತಾಯಿಯ ಮಾತು ಮಗಳತ್ತ ಹೋಗಲು ಬೇರೆ. ಲ್ಯಾಪ್‌ಟಾಪಿಗೂ, ದೊಡ್ಡಕ್ಕನ ಮೇಜಿನ ಫೋನಿಗೂ ಬೇರೆ. ಆಕೆ ಪರೀಕ್ಷಿಸಿದ್ದು ಮಗಳ ದನಿ ಎಂದೂ ತುಳಿಯದ ದಾರಿಯನ್ನು.

ನಾಲ್ಕು ಹಾದಿಗಳ ಎರಡೂ ತುದಿಗಳಲ್ಲಿ ಹಾಯುವ ಮಾತಿನ ತುಣುಕುಗಳ ಎಣಿಕೆಯನ್ನು ಪರದೆಯ ಮೇಲೆ ತೆರೆದಳು. ಮಗಳ ದನಿಯ ಪಾಲಿಗೆ ಬಂದಿದ್ದ ಮೂರನೆಯ ಹಾದಿಯ ದೀಪ ಹಸುರಾಗಿ ಮಿನುಗುತ್ತಿತ್ತು. ಅತ್ತ ಒಳಹೊಕ್ಕವುಗಳ ಎಣಿಕೆ ಏರುತ್ತಲೇ ಇತ್ತು. ಇತ್ತ ಹೊರಬಂದುದು ಒಂದೂ ಇಲ್ಲ. ದೈವವು ನಾಲಗೆಗಿತ್ತ ಮಾತು ಕಿವಿಯೆಂಬ ನೆಲೆ ಸೇರದೆ, ಎಲ್ಲಿಯೂ ಬೀಳದೆ, ಸುಮ್ಮನೆ ಇಲ್ಲವಾಗಬಹುದೆಂಬುದನ್ನು ಆಕೆ ಮೊದಲ ಬಾರಿಗೆ ಕಂಡಳು. ಅಷ್ಟು ದಿನ ಮಗಳು ಕೂಗಿದ್ದೆಲ್ಲವೂ ಹೀಗೆಯೇ ಹೋಗಿತ್ತು.

ಫೋನನ್ನು ಕಿವಿಗೊತ್ತಿಕೊಂಡೇ ಸ್ವಿಚ್ಚಿನ ಲೆಕ್ಕವನ್ನು ಮೀರಿ ಮಗಳ ಮತ್ತು ತನ್ನ ಫೋನಿನ ಜೋಡಿಯನ್ನು ಮೊದಲನೆಯ ಹಾದಿಗೆ ತಾನೇ ಕಟ್ಟಿದಳು.

"—ಅಂತ ಎಷ್ಟೊತ್ತಿಂದ ಬಡ್ಕೋತಿದ್ದೀನಿ! ನಾನೇನು ಗೋಡೆ ಜೊತೆ ಮಾತಾಡ್ತಿದ್ದೀನಾ?" ಎಂದು ದೊಡ್ಡಕ್ಕನ ದನಿ ನಡುಮಾತಿನಲ್ಲಿ ಸಿಡಿಯಿತು.

ಬೇರೆ ಯಾರ ಮಾತೂ ಅದರ ಬಾಯಿಗೆ ಬೀಳದಂತೆ ಮೂರನೆಯ ಹಾದಿಯನ್ನು ಮುಚ್ಚಿ, ತಂತಿಯಮ್ಮ ಮಗಳಿಗೆ ಫೋನು ಕೊಡಹೇಳಿದಳು.

"ಅಮ್ಮ."

"ಹೇಳು ಮಗಳೇ, ಕೇಳಿಸ್ತಿದೆ."

"ನೀನು ದಿನಾ ಹೇಳು ಹೇಳು ಅಂತೀಯ. ನಿಜವಾಗ್ಲೂ ಕೇಳಿಸ್ತಿದ್ರೆ ನಾನು ಹೇಳಿದ್ದನ್ನೇ ತಿರುಗಿ ಹೇಳು."

"ಆಯ್ತು."

"ನನಗೆ ಭಯ ಆಗ್ತಿದೆ."

"ನನಗೆ ಭಯ ಆಗ್ತಿದೆ" ಎಂದಳು ತಾಯಿ.

ಬಹಳ ಹೊತ್ತು ಅತ್ತಣಿಂದ ಏನೂ ಬರಲಿಲ್ಲ. ಎಣಿಕೆ ಮತ್ತೆ ನಿಂತಿತೇನೋ ಎಂದು ಪರದೆಯತ್ತ ನೋಡಲಾರದೆ ತಂತಿಯಮ್ಮ ಕಣ್ಣು ಮುಚ್ಚಿಕೊಂಡಳು.

"ಮಾತ್ರೆ ಕಹಿ."

"ಮಾತ್ರೆ ಕಹಿ."

"ಸಿಸ್ಟರ್, ನೀರು ಕೊಡಿ."

ಅದು ತನಗೆ ಹೇಳಿದ ಮಾತಲ್ಲವೆಂದು ತಾಯಿಗೆ ತಿಳಿದಿತ್ತು. ಅದನ್ನೂ ತಿರುಗಿ ಹೇಳಿದಳು.