ಹರಕೆಯ ಹುಂಜಕ್ಕೆ ಟಿವಿಯ ರಕ್ತ

ನಮ್ಮೂರ ಮಾರಮ್ಮ ಒಂದು ಸಲ ವಿಡಿಯೋ ಗೇಮ್ ನೋಡಿದ್ದಾಳೆ. ನೋಡಿ ಒಪ್ಪಿದ್ದಾಳೆ ಕೂಡ. ಹೇಳಿದರೆ ಎಲ್ಲರೂ ನಗುತ್ತಾರೆ. ನಗಲಿ, ನಾನೂ ನಗುತ್ತಲೇ ಬರೆಯುತ್ತಿದ್ದೇನೆ. ಮೊಮ್ಮಗಳ ಬುದ್ಧಿವಂತಿಕೆಯ ಕತೆಯನ್ನು ಯಾವ ಅಜ್ಜಿ ತಾನೇ ಹೊಟ್ಟೆಯಲ್ಲಿ ಇಟ್ಟುಕೊಂಡು ಕೂತಾಳು?

ಚಿನ್ನದ ಗಣಿಗಳು ಇನ್ನೂ ನಡೆಯುತ್ತಿದ್ದ ಕಾಲ, ಬಾಗಿಲು ಮುಚ್ಚುವುದಕ್ಕೆ ಕೆಲವೇ ವರ್ಷ ಬಾಕಿ. ನಮ್ಮದು ಬೇತಮಂಗಲದ ಬಸ್ಸು ಹೋಗುವ ದಾರಿಯ ಒಂದು ಊರು. ಹಸು ಕಟ್ಟಿದ್ದೆವು, ಡೈರಿಗೆ ಹಾಲು ಹಾಕುತ್ತಿದ್ದೆವು. ಮಗಳನ್ನು ಆಂಡರ್ಸನ್‌ಪೇಟೆಗೆ ಕೊಟ್ಟಿದ್ದೆವು. ಅಳಿಯ ಮನೆಯ ಮುಂದಿನ ಕೋಣೆಯಲ್ಲಿ ಬಣ್ಣದ ಟಿವಿ ಇಟ್ಟು, ಅದಕ್ಕೆ ಗೇಮಿನ ಪೆಟ್ಟಿಗೆ ಸಿಕ್ಕಿಸಿ, ಗಂಟೆಯ ಲೆಕ್ಕದಲ್ಲಿ ಮಕ್ಕಳಿಗೆ ಆಡಲು ಬಿಡುತ್ತಿದ್ದ.

ಅವನ ಹತ್ತಿರ ಎಷ್ಟೋ ಕ್ಯಾಸೆಟ್ ಇದ್ದವು. ಒಂದರಲ್ಲಿ ಕಾರು ಓಡುತ್ತದೆ, ಒಂದರಲ್ಲಿ ಗಿಡ್ಡ ಮನುಷ್ಯ ಅಣಬೆ ತುಳಿಯುತ್ತಾನೆ. ಆದರೆ ಮಕ್ಕಳು ಮುಗಿಬೀಳುತ್ತಿದ್ದುದು ಕುಸ್ತಿಯ ಕ್ಯಾಸೆಟ್ಟಿಗೆ. ಕುಸ್ತಿ ಎಂದರೆ ನಮ್ಮ ಗರಡಿಯ ಕುಸ್ತಿಯಲ್ಲ. ಗುದ್ದಿದರೆ ರಕ್ತ, ಒದ್ದರೆ ರಕ್ತ, ಕೊನೆಗೆ ಗೆದ್ದವನು ಸೋತವನ ತಲೆಯನ್ನೇ ಎಗರಿಸುತ್ತಾನೆ. ಬೀದಿಯ ತಾಯಂದಿರು ಸೆರಗು ಸಿಕ್ಕಿಸಿಕೊಂಡು ಜಗಳಕ್ಕೆ ಬಂದರಂತೆ. ಮಗಳು ಗಂಡನನ್ನು ಬಿಟ್ಟು ಅವರ ಪಕ್ಷ ಸೇರಿದಳಂತೆ.

ಬೇಸಿಗೆ ರಜೆಗೆ ಮೊಮ್ಮಗಳನ್ನು ಬಿಡಲು ಬಂದ ಅಳಿಯ ನಮ್ಮ ಜಗಲಿಯ ಮೇಲೆ ಕೂತು ಗೋಳಾಡಿದ.

"ನೀವೇ ಯೋಳಿ ಅತ್ತೆ. ರಕ್ತ ಇಲ್ದಿರೋ ಗೇಮು ಉಪ್ಪಿಲ್ದಿರೋ ಸಾರಿದ್ದಂಗೆ. ಅದನ್ನ ತೆಗೆದ್ರೆ ಒಬ್ರೂ ಬರಲ್ಲ. ತೆಗೀದಿದ್ರೆ ನಿಮ್ ಮಗಳು ಊಟ ಆಕಲ್ಲ."

"ಊಟ ಆಕಾಕಿಲ್ಲ ಅಂದ್ರೆ ತೆಗಿಯಪ್ಪ," ಎಂದೆ.

"ಸದ್ಯಕ್ಕೆ ಇಲ್ಲೇ ಇಟ್ಕೊಳ್ಳಿ. ಬಿಸಿ ಆರ್ಲಿ," ಎಂದು ಹಳೆಯ ಗೇಮಿನ ಪೆಟ್ಟಿಗೆಯೊಂದನ್ನೂ ಆ ಕ್ಯಾಸೆಟ್ಟನ್ನೂ ಮೊಮ್ಮಗಳ ಬಟ್ಟೆಯ ಚೀಲಕ್ಕೆ ತುರುಕಿ ಹೊರಟುಹೋದ.

ನಮ್ಮ ಮನೆಯ ಟಿವಿ ಕಪ್ಪು ಬಿಳುಪಿನದು. ಮೊಮ್ಮಗಳು ವೈರು ಸಿಕ್ಕಿಸಿದಳು, ಇಬ್ಬರು ಗೊಂಬೆ ಮನುಷ್ಯರು ಎದುರುಬದುರು ಕುಣಿದರು, ಒಬ್ಬ ಗುದ್ದಿದ. ಇನ್ನೊಬ್ಬನ ಮುಖದಿಂದ ಕಪ್ಪಗೆ ಏನೋ ಚಿಮ್ಮಿತು.

"ಪಾಪ, ಎಲೆಅಡಿಕೆ ಉಗುಳ್ದ," ಎಂದರು ನಮ್ಮ ಯಜಮಾನರು.

"ತಾತಾ, ಅದು ರಕ್ತ!"

"ರಗುತ ಕರ್ರಗೈತಲ್ಲೇ?"

"ನಿಮ್ ಟಿವಿನಾಗೆ ಅಂಗೆ ಕಾಣ್ತದೆ. ನಮ್ ಮನೇಲಿ ಕೆಂಪಗೆ ಬರ್ತದೆ."

ರಕ್ತವೆಂದು ಗೊತ್ತಾದ ಮೇಲೆ ನನಗೆ ತಡೆಯಲಾಗಲಿಲ್ಲ. ನಮ್ಮ ಕಡೆ ಮರಿ ಕೊಯ್ಯುವಾಗ ಹೆಂಗಸರು ಬೋಸಿಗೆ ಉಪ್ಪು ನೀರು ಹಾಕಿ ಕೆಳಗೆ ಹಿಡಿಯುತ್ತೇವೆ. ಒಂದು ತೊಟ್ಟು ಮಣ್ಣಿಗೆ ಬಿದ್ದರೂ ಅತ್ತೆಯಿಂದ ಬೈಸಿಕೊಳ್ಳಬೇಕು. ಈರುಳ್ಳಿ, ಹಸಿಮೆಣಸಿನಕಾಯಿ, ಕೊಬ್ಬರಿ ಹಾಕಿ ರಕ್ತದ ಪಲ್ಯ ಮಾಡಿದರೆ ಮುದ್ದೆಯ ಜೊತೆಗೆ ಅದರ ರುಚಿಯೇ ಬೇರೆ. ಇಲ್ಲಿ ನೋಡಿದರೆ ಕೊಡಗಟ್ಟಲೆ ಸುರಿಯುತ್ತಿದೆ, ಹಿಡಿಯುವವರಿಲ್ಲ.

"ಅಲ್ಲಮ್ಮಣ್ಣಿ, ಇವರ ಕಡೆ ಹೆಂಗಸರೇ ಇಲ್ವಾ? ಒಂದು ಬೋಸಿ ತಂದಿಡಬಾರದಾ?"

ಮೊಮ್ಮಗಳು ನಕ್ಕು ನಕ್ಕು ನೆಲದ ಮೇಲೆ ಉರುಳಾಡಿದಳು. ಆಮೇಲೆ ಇನ್ನೊಂದು ಜಾಯ್‌ಸ್ಟಿಕ್ಕನ್ನು ನನ್ನ ಕೈಗೆ ಕೊಟ್ಟಳು.

ಎರಡು ದಿನ ಬರೀ ಏಟು ತಿಂದೆ. ಮೂರನೇ ದಿನ ಹಾಲು ಕರೆಯುವಾಗ ಹೊಳೆಯಿತು. ಹೆಬ್ಬೆರಳು ಒತ್ತು, ಬಿಡು, ಒತ್ತು, ಬಿಡು. ಎಡ ಒಂದು, ಬಲ ಒಂದು. ಕೆಚ್ಚಲಿನ ಆ ತಾಳವನ್ನೇ ಜಾಯ್‌ಸ್ಟಿಕ್ಕಿಗೆ ಹಾಕಿದೆ. ನನ್ನ ದಪ್ಪ ಗೊಂಬೆ ಎದ್ದು ಕುಣಿದ, ಅವಳ ಜುಟ್ಟಿನ ಗೊಂಬೆಯ ತಲೆ ಎಗರಿ ಮೂಲೆಗೆ ಬಿತ್ತು. ನನಗೆ ಬಂದ ಖುಷಿ ಏನು ಹೇಳಲಿ! ತಲೆ ಹೋದವನು ಮರುಗಳಿಗೆಯೇ ತಲೆ ಸಮೇತ ಎದ್ದು ನಿಂತು ಮತ್ತೆ ಕುಣಿಯತೊಡಗಿದ. "ಪುಣ್ಯಾತ್ಮ!" ಎಂದು ಕೈ ಮುಗಿದೆ.

ಇಷ್ಟರ ನಡುವೆ ಒಂದು ಕೆಲಸ ಬಾಕಿಯಿತ್ತು. ಹಿಂದಿನ ವರ್ಷ ಮೊಮ್ಮಗಳಿಗೆ ಮೈತುಂಬ ಅಮ್ಮ ಎದ್ದಿದ್ದಳು. ಮೈಯೆಲ್ಲ ಗುಳ್ಳೆ, ಕಣ್ಣು ಬಿಡಲಾರದು ಕೂಸು. ಆಗ ಬೇವಿನ ಮರದ ಕೆಳಗಿನ ಮಾರಮ್ಮನಿಗೆ ಹರಕೆ ಹೊತ್ತಿದ್ದೆ: ಮಗು ಉಳಿಸಿಕೊಡು ತಾಯಿ, ಕೆಂಪು ಹುಂಜ ಒಪ್ಪಿಸುತ್ತೇನೆ. ಅಮ್ಮ ಇಳಿದಳು, ಕೂಸು ಉಳಿಯಿತು. ಹುಂಜವನ್ನು ಮೇಯಿಸಿ ಬೆಳೆಸಿದೆ. ಮಗು ಊರಿಗೆ ಬಂದಾಗ ಅದರ ಎದುರಿಗೇ ಒಪ್ಪಿಸಬೇಕೆಂದು ಕಾದಿದ್ದೆ. ಆದರೆ ಈ ಪುಟ್ಟಿ ಬಂದ ದಿನದಿಂದ ಆ ಹುಂಜದ ಹಿಂದೆಯೇ ತಿರುಗುತ್ತಿದ್ದಳು. ಅವಳು ಕೂತರೆ ಅದು ತೊಡೆಯ ಮೇಲೆ, ಎದ್ದರೆ ಹೆಗಲ ಮೇಲೆ.

ಸೋಮವಾರ ಬೆಳಿಗ್ಗೆ ಹುಂಜವನ್ನು ಒರಳುಕಲ್ಲಿಗೆ ಕಟ್ಟಿದೆ. ಯಾಕೆಂದು ಕೇಳಿದಳು. ನಾಳೆ ಮಾರಮ್ಮನಿಗೆ ಎಂದೆ. ಬಾಯಿ ತೆರೆದು ಅತ್ತಳು ನೋಡಿ, ಹಸು ಕೂಡ ಮೇವು ಬಿಟ್ಟು ತಿರುಗಿ ನೋಡಿತು.

"ಏನ್ಲೇ, ಬೆಳಗಾದ್ರೆ ಜನದ ತಲೆ ಎಗರಿಸ್ತೀಯ. ಒಂದು ಕೋಳಿಗೆ ಇಂಗ್ ಅಳ್ತೀಯಾ?"

"ಅದು ಆಟ ಅಜ್ಜಿ! ಅವರಿಗೆ ನೋಯಲ್ಲ. ಮತ್ತೆ ಎದ್ದೇಳ್ತಾರೆ. ಇದು ಎದ್ದೇಳ್ತದಾ?"

ಎದ್ದೇಳುವುದಿಲ್ಲ, ಸಾರಾಗುತ್ತದೆ ಎಂದು ಆ ಮುಖಕ್ಕೆ ಹೇಳುವುದು ಹೇಗೆ?

"ಮಾರಮ್ಮಂಗೆ ರಕ್ತ ತಾನೇ ಬೇಕು?" ಎಂದು ಮೂಗೊರೆಸಿಕೊಂಡಳು. "ನಮ್ ಗೇಮಲ್ಲಿ ಎಷ್ಟೊಂದೈತೆ. ಅದನ್ನೇ ಕೊಡಾನ."

ಯಜಮಾನರು ಹೊಟ್ಟೆ ಹಿಡಿದು ನಕ್ಕರು. ನಗು ನಿಂತ ಮೇಲೆ ತಲೆ ಕೆರೆದುಕೊಂಡು, "ಕೇಳಿದ್ರೆ ತಪ್ಪೇನು? ಬೂದುಗುಂಬಳಕ್ಕೆ ಕುಂಕುಮ ತುಂಬಿ ಒಡೀತಾರಲ್ಲ, ಅದೇನು ನಿಜವಾದ ರಗುತವಾ? ಪೂಜಾರಪ್ಪನ್ನ ಕೇಳು," ಎಂದರು.

ಪೂಜಾರಪ್ಪ ಒಪ್ಪಲಿಲ್ಲ. ಅವರ ಕಷ್ಟ ನನಗೆ ಗೊತ್ತಿತ್ತು: ಹರಕೆ ಕೋಳಿಯ ತಲೆ ಪೂಜಾರಿಯ ಪಾಲು.

"ಟಿವಿ ತಲೇನ ನಾನು ಸಾರು ಮಾಡ್ಕೊಳ್ಳಾಕಾಯ್ತದೇನಮ್ಮಾ?" ಎಂದರು. ಆಮೇಲೆ ಆ ಮಾತು ದೇವರ ಕೆಲಸದವರಿಗೆ ತಕ್ಕುದಲ್ಲ ಅನ್ನಿಸಿತೇನೋ, ಗಂಟಲು ಸರಿಮಾಡಿಕೊಂಡರು. "ನಿಮ್ ಮನೇದು ಕಪ್ಪು ಬಿಳುಪು ಟಿವಿ. ಕರಿ ರಗುತ ಅಮ್ಮಂಗೆ ಆಗಾಕಿಲ್ಲ."

"ಕೆಂಪು ಮಾಡಿದ್ರೆ?" ಎಂದಳು ನನ್ನ ಚಿನ್ನ.

ಪೂಜಾರಪ್ಪ ಅವಳನ್ನೇ ನೋಡಿದರು. "ನಾಳೆ ಹೂ ಕೇಳಾನ. ಅಮ್ಮ ಬಲಗಡೆ ಕೊಟ್ರೆ ನಿನ್ ಮಾತು. ಎಡಗಡೆ ಕೊಟ್ರೆ ಹುಂಜ. ಆಮೇಲೆ ಅಳಂಗಿಲ್ಲ."

ಮಾರಮ್ಮನ ಗುಡಿಯ ಪಕ್ಕದಲ್ಲೇ ಹಾಲಿನ ಡೈರಿ. ಮಂಗಳವಾರ ಸಂಜೆ ಯಜಮಾನರು ಡೈರಿಯಿಂದ ವೈರು ಎಳೆದರು. ಟಿವಿಯನ್ನು ಬಿದಿರಿನ ಮಂಕರಿಯಲ್ಲಿ ಹೊತ್ತು ತಂದು, ಅಮ್ಮನ ಎದುರಿಗೆ ಸ್ಟೂಲಿನ ಮೇಲೆ ಕೂರಿಸಿ, ಅದಕ್ಕೂ ಒಂದು ಸೇವಂತಿಗೆ ಹಾರ ಹಾಕಿದೆವು. ನಾನು ಕುಂಕುಮವನ್ನು ನೀರಿನಲ್ಲಿ ಕಲಸಿ ಗಾಜಿಗೆಲ್ಲ ತೆಳ್ಳಗೆ ಬಳಿದೆ. ಟಿವಿ ಹಚ್ಚಿದರೆ ಗೊಂಬೆ ಕೆಂಪು, ನೆಲ ಕೆಂಪು, ಆಕಾಶ ಕೆಂಪು. ಅಳಿಯನ ಬಣ್ಣದ ಟಿವಿಯಲ್ಲೂ ಇಷ್ಟು ರಕ್ತ ಇದ್ದಿರಲಾರದು. ಹಾಲು ಹಾಕಲು ಬಂದವರೆಲ್ಲ ಕ್ಯಾನು ಹಿಡಿದುಕೊಂಡೇ ಸುತ್ತ ನಿಂತರು. ಹುಂಜವನ್ನು ಬೇವಿನ ಬೇರಿಗೆ ಕಟ್ಟಿದ್ದೆವು, ಹೂ ಎಡಕ್ಕೆ ಬಿದ್ದರೆ ಇರಲಿ ಎಂದು.

ಪೂಜಾರಪ್ಪ ಅಮ್ಮನ ಬಲಭುಜಕ್ಕೊಂದು ಎಡಭುಜಕ್ಕೊಂದು ಒದ್ದೆ ಹೂ ಅಂಟಿಸಿದರು, ಕರ್ಪೂರ ಹಚ್ಚಿ, "ಅಮ್ಮಾ ತಲ್ಲೀ, ನುವ್ವೇ ಚೂಸ್ಕೋವಮ್ಮಾ," ಎಂದು ತೆಲುಗಿನಲ್ಲಿ ಎಲ್ಲ ಭಾರವನ್ನೂ ಅಮ್ಮನ ಮೇಲೇ ಹಾಕಿದರು.

ನಾವಿಬ್ಬರು ಆಡುವುದೆಂದು ಮಾತಾಗಿತ್ತು. ಮೊಮ್ಮಗಳ ಜುಟ್ಟಿನ ಗೊಂಬೆ ಗೆಲ್ಲಬೇಕು, ನನ್ನ ದಪ್ಪ ಗೊಂಬೆ ಹುಂಜದ ಬದಲು ತಲೆ ಕೊಡಬೇಕು. ನಾನು ಸುಮ್ಮನೆ ಏಟು ತಿಂದರಾಯಿತು. ತಿನ್ನುತ್ತಲೂ ಇದ್ದೆ. ಅಷ್ಟರಲ್ಲಿ ಹಿಂದಿನಿಂದ ನನ್ನ ವಾರಗಿತ್ತಿ ಕೂಗಿದಳು.

"ಏನಕ್ಕಾ, ಇಂಗೆ ಏಟು ತಿಂತೀಯ? ಕೈಗೇನು ಲಕ್ವ ಒಡೆದೈತಾ? ಭಾರಿ ಆಡ್ತೀನಿ ಅಂತ ಊರೆಲ್ಲ ಯೋಳ್ಕಂಡು ತಿರುಗ್ತಿದ್ದಲ್ಲ!"

ನನ್ನ ತಲೆ ತಾಳಿಕೊಂಡಿತು, ಹೆಬ್ಬೆರಳು ತಾಳಲಿಲ್ಲ. ಅದೂ ಹಾಲು ಕರೆಯುವ ಹೊತ್ತು. ಒತ್ತು, ಬಿಡು, ಒತ್ತು, ಬಿಡು. ಜನ ಹೋ ಎಂದರು. ಕಣ್ಣು ಬಿಟ್ಟು ನೋಡುತ್ತೇನೆ, ಜುಟ್ಟಿನ ತಲೆ ಎಗರಿ ಹೋಗಿ ಬಿದ್ದಿದೆ, ಟಿವಿಯ ತುಂಬ ಕೆಂಪು.

ಯಾವ ಕೂಸಿನ ಜೀವಕ್ಕೆಂದು ಹರಕೆ ಹೊತ್ತೆನೋ, ಅಮ್ಮನ ಕಣ್ಣೆದುರು ಅದೇ ಕೂಸಿನ ಗೊಂಬೆಯ ತಲೆ ತೆಗೆದಿದ್ದೆ!

"ಅಯ್ಯೋ ತಾಯೀ, ಅದು ಲೆಕ್ಕಕ್ಕಿಲ್ಲ! ಕೈ ಜಾರ್ತು! ಲೆಕ್ಕಕ್ಕಿಲ್ಲ!" ಎಂದು ಜಾಯ್‌ಸ್ಟಿಕ್ಕು ಬಿಸಾಕಿ ಗಲ್ಲ ಗಲ್ಲ ಬಡಿದುಕೊಂಡೆ. ಪೂಜಾರಪ್ಪನ ಮುಖವೂ ಬಿಳುಚಿತು.

"ಅಜ್ಜೀ, ಮೋಸ!" ಎಂದಳು ಮೊಮ್ಮಗಳು. ಆಮೇಲೆ ನನ್ನ ಸೆರಗು ಹಿಡಿದು ಎಳೆದು, "ಯಾಕಜ್ಜಿ ಅಳ್ತೀಯ? ನೋಡಿಲ್ಲಿ. ನಾನು ಎದ್ದೆ," ಎಂದಳು.

ನೋಡಿದೆ. ಜುಟ್ಟಿನವನು ಜುಟ್ಟು ಸಮೇತ ಎದ್ದು ನಿಂತು ಕಾಲು ಕುಣಿಸುತ್ತಿದ್ದ.

ಆಗಲೇ ಅದು ನಡೆದದ್ದು. ಟಿವಿಯೊಳಗೆ ಕೆಂಪಗೆ ಜುಟ್ಟು ಬಿಟ್ಟುಕೊಂಡು ಒಂದು ಕುಣಿಯುತ್ತಿರುವುದನ್ನು ನಮ್ಮ ಹುಂಜವೂ ನೋಡಿತು. ಇನ್ನೊಂದು ಹುಂಜ ಎಂದುಕೊಂಡಿರಬೇಕು. ಕತ್ತು ನಿಮಿರಿಸಿ, ದಾರ ಕಿತ್ತುಕೊಂಡು, ಹಾಲಿನ ಕ್ಯಾನುಗಳ ಮೇಲಿಂದ ಹಾರಿ ನೇರ ಟಿವಿಯ ಮೇಲೆ ಎರಗಿತು. ಕುಕ್ಕಿತು, ಒದೆಯಿತು. ಗಾಜಿನ ಕುಂಕುಮವೆಲ್ಲ ಅದರ ಎದೆಗೆ ಹತ್ತಿತು. ಸೇವಂತಿಗೆ ಹಾರ ಅದರ ಕೊರಳಿಗೆ ಬಿತ್ತು. ಕೊನೆಗೆ ಟಿವಿಯ ತಲೆಯೇರಿ, ಅಮ್ಮನ ಕಡೆ ತಿರುಗಿ, ಪಟಪಟ ರೆಕ್ಕೆ ಬಡಿದು ಕೂಗಿತು.

ಬಲಗಡೆಯ ಹೂ ಬಿತ್ತು.

"ಬಲಗಡೆ! ಬಲಗಡೆ!" ಮೊಮ್ಮಗಳು ಹುಂಜವನ್ನು ಬಾಚಿ ತಬ್ಬಿಕೊಂಡಳು. ಇಬ್ಬರ ಮೈಯೂ ಕುಂಕುಮ.

"ಎಲ್ಲಿ ಒಪ್ಪಿದಳು? ಅದು ರೆಕ್ಕೆ ಗಾಳಿಗೆ ಬಿತ್ತು," ಎಂದಳು ವಾರಗಿತ್ತಿ.

ಪೂಜಾರಪ್ಪ ಉರಿದುಬಿದ್ದರು. ಅವರ ಗುಡಿಯ ಹೂವನ್ನು ಯಾರಾದರೂ ಗಾಳಿ ಎನ್ನುವುದುಂಟೇ? "ಗಾಳಿ ನಿಮ್ಮಪ್ಪಂದೇನಮ್ಮಾ? ಗಾಳೀನೂ ಅಮ್ಮಂದೇ! ಅಮ್ಮ ಒಪ್ಪೈತೆ. ಹುಂಜ ಬಿಡ್ರಿ!" ಅಂದ ಮೇಲೆ ಅವರಿಗೆ ತಮ್ಮ ಪಾಲಿನ ತಲೆಯ ನೆನಪಾಯಿತು. ಆದರೆ ಬಾಯಿಂದ ಬಂದ ಮಾತು, ಊರೆಲ್ಲ ಕೇಳಿಬಿಟ್ಟಿತ್ತು.

ಅವರ ಸಪ್ಪೆ ಮುಖ ನೋಡಿ ಮೊಮ್ಮಗಳು ಹತ್ತಿರ ಹೋದಳು. "ತಾತಾ, ನಿಮಗೆ ತಲೆ ತಾನೇ ಬೇಕು? ಬನ್ನಿ, ಆಡಿ ತಗೊಳ್ಳಿ," ಎಂದು ಜಾಯ್‌ಸ್ಟಿಕ್ಕು ಕೊಟ್ಟಳು. ಪಂಚೆ ಎತ್ತಿ ಕಟ್ಟಿ ಕೂತರು. ತಲೆ ಬರಲಿಲ್ಲ, ಇದ್ದ ತಲೆಯೂ ಹೋಯಿತು. "ಇನ್ನೊಂದು ಸಲ," ಎಂದರು. ಮತ್ತೆ ಹೋಯಿತು. ಡೈರಿಯವರು ಬೀಗ ಹಾಕಬೇಕೆಂದು ವೈರು ಕಿತ್ತುಕೊಂಡಾಗಲೇ ಅವರು ಎದ್ದದ್ದು. ಮಾರನೇ ದಿನ ಅವರ ಮನೆಗೆ ಮೊಟ್ಟೆಸಾರು ಕಳಿಸಿದೆ, ತಲೆಯ ಹಾಗೆ ಗುಂಡಗಿದ್ದದ್ದು ಅದೊಂದೇ ನಮ್ಮ ಮನೆಯಲ್ಲಿ.

ರಜೆ ಮುಗಿದು ಮೊಮ್ಮಗಳನ್ನು ಕರೆದುಕೊಂಡು ಹೋಗಲು ಮಗಳೂ ಅಳಿಯನೂ ಇಬ್ಬರೂ ಬಂದರು. ಜಗಳ ಇನ್ನೂ ಹಸಿಯಾಗಿಯೇ ಇತ್ತು.

"ನೀನೇ ಯೋಳಮ್ಮ, ಮಕ್ಕಳಾಟದಾಗೆ ರಕ್ತ ಇರಬೇಕಾ?" ಎಂದಳು ಮಗಳು.

"ಎದ್ದು ನಿಲ್ಲೋನ ರಗುತ ಇದ್ರೆ ಇರಲಿ," ಎಂದೆ. "ಎದ್ದು ನಿಲ್ಲದೋನ್ದು ಮಾತ್ರ ಬ್ಯಾಡ. ನಿನ್ ಮಗಳಿಗೆ ಆ ಎರಡೂ ಬ್ಯಾರೆ ಅಂತ ನನಗಿಂತ ಮೊದಲು ಗೊತ್ತಾಗೈತೆ. ಇನ್ನೂ ಗೊತ್ತಾಗದಿರೋ ಸಣ್ಣೋರಿಗೆ ನನ್ ಟಿವಿ ಒಯ್ದು ಇಡು. ರಗುತ ಅಂತ ಅವರಪ್ಪನಿಗೂ ಗೊತ್ತಾಗಾಕಿಲ್ಲ."

ಅಳಿಯ ಹಾಗೆಯೇ ಮಾಡಿದ. ಸಣ್ಣ ಮಕ್ಕಳಿಗೆ ಕಪ್ಪು ಬಿಳುಪಿನದು, ದೊಡ್ಡವರಿಗೆ ಬಣ್ಣದ್ದು. ಜಗಳಕ್ಕೆ ಬಂದ ತಾಯಂದಿರು ಇಣುಕಿ ನೋಡಿ, ಗೊಂಬೆಗಳು ಡಾಂಬರು ಎರಚಿಕೊಳ್ಳುತ್ತಿವೆ ಎಂದುಕೊಂಡು ಸುಮ್ಮನೆ ಹೋದರಂತೆ. ಮಗಳು ಊಟ ಹಾಕಿದಳಂತೆ.

ನಮಗೆ ಆಮೇಲೆ ಬೇರೆ ಟಿವಿ ಬಂತು. ಹುಂಜ ಮುದಿಯಾಗಿ ತನ್ನಷ್ಟಕ್ಕೆ ತಾನು ಸಾಯುವವರೆಗೂ ಅದರೊಂದು ಚಾಳಿ ಬಿಡಲಿಲ್ಲ. ಟಿವಿ ಹಚ್ಚಿದರೆ ಸಾಕು, ಎಲ್ಲಿದ್ದರೂ ಓಡಿಬಂದು ಎದುರಿಗೆ ನಿಂತು ಕತ್ತು ನಿಮಿರಿಸುತ್ತಿತ್ತು. ವಾರ್ತೆ ಓದುವವರನ್ನೂ ಬಿಡುತ್ತಿರಲಿಲ್ಲ. ವಾರ್ತೆ ಮುಗಿಯುವವರೆಗೆ ಯಜಮಾನರು ಅದರ ಮೇಲೆ ಮಂಕರಿ ಕವುಚಿ, ಮಂಕರಿಯ ಮೇಲೆ ತಾವೇ ಕೂತುಕೊಳ್ಳುತ್ತಿದ್ದರು.